ಗೆದ್ದವರ ಪಟ್ಟಿಯಲ್ಲಿ ಕಾಣದ ವೇಗ: ಫಾರ್ಮುಲಾ ಒನ್ ಆಚೆಗಿನ ಚಾಲಕರನ್ನು ಅಳೆಯುವುದು ಹೇಗೆ

ಫಾರ್ಮುಲಾ ಒನ್ ನೋಡುವವರಿಗೆ ಚಾಲಕನ ಸಾಮರ್ಥ್ಯ ತಿಳಿಯಲು ಸುಲಭದ ದಾರಿಯೊಂದಿದೆ. ಒಂದು ತಂಡ, ಎರಡು ಕಾರು, ಕಾರಿಗೊಬ್ಬ ಚಾಲಕ. ಶನಿವಾರದ ಅರ್ಹತಾ ಸುತ್ತಿನಲ್ಲಿ ಇಬ್ಬರಲ್ಲಿ ಯಾರು ಮುಂದೆ ಎಂದು ವರ್ಷವಿಡೀ ಎಣಿಸಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಈ ದಾರಿ ಮುಚ್ಚಿಹೋಗುತ್ತದೆ. ಅಲ್ಲಿ ಒಂದೇ ಕಾರನ್ನು ಮೂವರು ಸರದಿಯಲ್ಲಿ ಓಡಿಸುತ್ತಾರೆ. ಗೆದ್ದರೆ ಮೂವರ ಹೆಸರೂ ಒಂದೇ ಸಾಲಿನಲ್ಲಿ ಅಚ್ಚಾಗುತ್ತದೆ. ಮೂವರಲ್ಲಿ ಯಾರು ಗೆಲ್ಲಿಸಿದರು, ಯಾರು ಗೆಲುವಿನ ಜೊತೆಗಿದ್ದರು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಒಳ್ಳೆಯ ಚಾಲಕರು ಕಣ್ಣಿಗೆ ಬೀಳದೆ ಉಳಿಯುವುದಕ್ಕೆ ದೊಡ್ಡ ಕಾರಣ ಇದೇ ಎಂಬುದು ನನ್ನ ಅನಿಸಿಕೆ. ಪ್ರಚಾರದ ಕೊರತೆ ಎರಡನೆಯ ಕಾರಣ.

ಹೀಗೆ ಗಂಟೆಗಟ್ಟಲೆ ನಡೆಯುವ ಸಹಿಷ್ಣುತಾ (ಎಂಡ್ಯೂರೆನ್ಸ್) ರೇಸಿಂಗ್ ಕಲಿಯಲು ಹೊರಟವರಿಗಾಗಿ, ನನ್ನ ತಲೆಯಲ್ಲೂ ಗಟ್ಟಿಯಾಗಲಿ ಎಂದು, ಈ ಟಿಪ್ಪಣಿ.

ಮೊದಲು ಮೈದಾನ

ಲೆ ಮಾನ್ ಸರ್ಕ್ಯೂಟಿನ ಒಂದು ಸುತ್ತು 13.626 ಕಿಲೋಮೀಟರ್. ಈಚಿನ ವರ್ಷಗಳಲ್ಲಿ 62 ಕಾರುಗಳು ಒಟ್ಟಿಗೆ ಓಡುತ್ತಿವೆ. ಅತಿ ವೇಗದ ಹೈಪರ್‌ಕಾರ್, ಅದಕ್ಕಿಂತ ನಿಧಾನದ ಎಲ್‌ಎಂಪಿ2, ರಸ್ತೆಯ ಕಾರುಗಳಿಂದ ರೂಪಿಸಿದ ಎಲ್‌ಎಂಜಿಟಿ3 ಎಂಬ ಮೂರು ವರ್ಗಗಳು. ಒಬ್ಬ ಚಾಲಕ ಯಾವುದೇ 6 ಗಂಟೆಯ ಅವಧಿಯಲ್ಲಿ 4 ಗಂಟೆಗಿಂತ ಹೆಚ್ಚು, ಒಟ್ಟಾರೆ 14 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಇಂಧನ ತುಂಬಿಸಿಕೊಂಡು ಹೊರಟು ಮತ್ತೆ ಪಿಟ್‌ಗೆ (ಇಂಧನ, ಟೈರಿಗಾಗಿ ಕಾರು ನಿಲ್ಲುವ ಜಾಗ) ಬರುವವರೆಗಿನ ಓಟವನ್ನು ಸ್ಟಿಂಟ್ ಎನ್ನುತ್ತಾರೆ. ಹೈಪರ್‌ಕಾರ್‌ಗಳಲ್ಲಿ ಅದು ಹೆಚ್ಚುಕಡಿಮೆ ಹನ್ನೆರಡು ಸುತ್ತು, ಮುಕ್ಕಾಲು ಗಂಟೆಗೆ ತುಸು ಕಡಿಮೆ.

ಇನ್ನೊಂದು ಸಂಗತಿ: ಕಾರುಗಳು ಸರಿಸಮವಾಗಿರಲಿ ಎಂದು ಸಂಘಟಕರು ಪ್ರತಿಯೊಂದು ಮಾದರಿಯ ತೂಕ, ಎಂಜಿನ್ ಶಕ್ತಿ, ಒಂದು ಸ್ಟಿಂಟ್‌ನಲ್ಲಿ ಬಳಸಬಹುದಾದ ಚೈತನ್ಯ ಇವನ್ನೆಲ್ಲ ರೇಸಿನಿಂದ ರೇಸಿಗೆ ಹೊಂದಿಸುತ್ತಾರೆ. ಆದ್ದರಿಂದ ಫೆರಾರಿಯ ಚಾಲಕನ ಸಮಯವನ್ನು ಪೋರ್ಷೆಯ ಚಾಲಕನ ಸಮಯದ ಪಕ್ಕ ಇಟ್ಟು ತೀರ್ಪು ಕೊಡುವುದು ವ್ಯರ್ಥ. ಹೋಲಿಕೆ ಒಂದೇ ಕಾರಿನೊಳಗೆ ಇರಬೇಕು, ಹೆಚ್ಚೆಂದರೆ ಅದೇ ತಂಡದ ಅವಳಿ ಕಾರಿನ ಜೊತೆ.

20 ಪ್ರತಿಶತದ ಲೆಕ್ಕ, ಮತ್ತು ಅದರ ಗಂಟು

ಬಲ್ಲವರು ಬಳಸುವ ಅಳತೆ ಹೀಗಿದೆ. ಚಾಲಕ ರೇಸಿನಲ್ಲಿ ಓಡಿಸಿದ ಎಲ್ಲ ಸುತ್ತುಗಳ ಸಮಯ ತೆಗೆದುಕೊಂಡು, ಅತಿ ವೇಗದ್ದರಿಂದ ಕೆಳಕ್ಕೆ ಜೋಡಿಸಿ, ಮೇಲಿನ 20 ಪ್ರತಿಶತದ ಸರಾಸರಿ ಹಿಡಿಯುವುದು. ಎಲ್ಲ ಸುತ್ತುಗಳ ಸರಾಸರಿ ಏಕೆ ಬೇಡ? ಪಿಟ್‌ಗೆ ಬರುವ, ಹೊರಡುವ ಸುತ್ತುಗಳು, ಅಪಘಾತವಾದಾಗ ಎಲ್ಲರ ವೇಗ ತಗ್ಗಿಸಲು ಮುಂದೆ ಬರುವ ಸೇಫ್ಟಿ ಕಾರಿನ ಹಿಂದೆ ತೆವಳಿದ ಸುತ್ತುಗಳು ಅದರಲ್ಲಿ ಸೇರಿಕೊಂಡು ಲೆಕ್ಕ ಕೆಡುತ್ತದೆ. ಅತಿ ವೇಗದ ಒಂದೇ ಸುತ್ತು ಏಕೆ ಸಾಲದು? ಉದ್ದನೆಯ ನೇರ ಹಾದಿಯಲ್ಲಿ ಮುಂದಿನ ಕಾರಿನ ಗಾಳಿಮರೆ ಸಿಕ್ಕಿದ್ದರೆ ಅದೃಷ್ಟವೇ ಅರ್ಧ ಸೆಕೆಂಡ್ ಕೊಟ್ಟಿರುತ್ತದೆ. ಇಷ್ಟು ಯಾರಿಗಾದರೂ ಹೊಳೆಯುತ್ತದೆ.

ಬಿಡಿಸಿಕೊಳ್ಳಲು ಕಷ್ಟವಾದದ್ದು ಮುಂದಿನದು. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಅಂಕಿಗಳು ಊಹೆಯವು, ಲೆಕ್ಕದ ದಾರಿ ಮಾತ್ರ ನಿಜದ್ದು.

ಒಂದೇ ಕಾರಿನಲ್ಲಿ ಅ ಮತ್ತು ಬ ಎಂಬ ಇಬ್ಬರು. ಇಬ್ಬರೂ ತಲಾ 60 ಸುತ್ತು ಓಡಿಸಿದ್ದಾರೆ, ಅಂದರೆ ಐದೈದು ಸ್ಟಿಂಟ್. 20 ಪ್ರತಿಶತ ಎಂದರೆ ತಲಾ 12 ಸುತ್ತು. ಅ ಅವರ ಸರಾಸರಿ 3 ನಿಮಿಷ 29.1 ಸೆಕೆಂಡ್, ಬ ಅವರದು 3 ನಿಮಿಷ 29.5. ಪಟ್ಟಿಯ ಪ್ರಕಾರ ಬ ಪ್ರತಿ ಸುತ್ತಿಗೆ 0.4 ಸೆಕೆಂಡ್ ಹಿಂದೆ. 60 ಸುತ್ತಿಗೆ 24 ಸೆಕೆಂಡ್! ಅನೇಕರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ.

ಮುಚ್ಚಬೇಡಿ, ಟೈರಿನ ಸಾಲನ್ನು ನೋಡಿ. ಇಂಧನ ತುಂಬಿಸುವಾಗಲೆಲ್ಲ ಟೈರ್ ಬದಲಿಸುವುದಿಲ್ಲ. ಸಮಯ ಉಳಿಸಲು ಒಂದೇ ಜೊತೆ ಟೈರಿನಲ್ಲಿ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸ್ಟಿಂಟ್ ಓಡಿಸುತ್ತಾರೆ. ನಮ್ಮ ಊಹೆಯ ರೇಸಿನಲ್ಲಿ ಅ ಅವರ ಐದರಲ್ಲಿ ಮೂರು ಸ್ಟಿಂಟ್ ಹೊಸ ಟೈರಿನಲ್ಲಿ, ಎರಡು ಎರಡನೆಯ ಬಳಕೆಯ ಟೈರಿನಲ್ಲಿ ನಡೆದಿವೆ. ಬ ಅವರಿಗೆ ಹೊಸ ಟೈರ್ ಒಮ್ಮೆಯೂ ಸಿಕ್ಕಿಲ್ಲ. ಮೂರು ಎರಡನೆಯ ಬಳಕೆ, ಎರಡು ಮೂರನೆಯ ಬಳಕೆ. ಅ ಅವರ ಆ 12 ಚೊಕ್ಕ ಸುತ್ತುಗಳೆಲ್ಲ ಹೊಸ ಟೈರಿನವೇ. ಹಸಿರು ಪಿಚ್ಚಿನಲ್ಲಿ ಹೊಡೆದ 40 ಓಟವನ್ನು ಸಪಾಟು ಪಿಚ್ಚಿನ 80ರ ಜೊತೆ ತೂಗಿ ನೋಡಿದಂತಾಯಿತು.

ಹಾಗಾದರೆ ಎರಡನೆಯ ಬಳಕೆಯ ಟೈರಿನ ಸ್ಟಿಂಟ್‌ಗಳನ್ನು ಮಾತ್ರ ಆರಿಸಿ ಇಬ್ಬರನ್ನೂ ಹೋಲಿಸೋಣ. ಅ: 3 ನಿಮಿಷ 30.2. ಬ: 3 ನಿಮಿಷ 29.8. ಉತ್ತರ ತಲೆಕೆಳಗಾಯಿತು, ಬ ಅವರೇ 0.4 ಸೆಕೆಂಡ್ ಮುಂದೆ.

ಇಲ್ಲಿಯೂ ನಿಲ್ಲುವಂತಿಲ್ಲ. ಅ ಅವರ ಆ ಎರಡು ಸ್ಟಿಂಟ್ ಸಂಜೆ ನಾಲ್ಕರ ಬಿಸಿಲಿನಲ್ಲಿ, ಬ ಅವರದು ರಾತ್ರಿಯ ತಂಪಿನಲ್ಲಿ ನಡೆದಿವೆ ಎಂದುಕೊಳ್ಳಿ. ತಂಪಿನಲ್ಲಿ ಎಂಜಿನ್ನಿಗೆ ದಟ್ಟ ಗಾಳಿ ಸಿಗುತ್ತದೆ, ಟೈರಿಗೂ ಹಿತ. ಹೊತ್ತಿನ ಪಾಲು ಎಷ್ಟು, ಚಾಲಕನ ಪಾಲು ಎಷ್ಟು? ಇದನ್ನು ತಿಳಿಸುವುದು ಅವಳಿ ಕಾರು. ಅದೂ ಎರಡನೆಯ ಬಳಕೆಯ ಟೈರಿನಲ್ಲಿ, ಒಬ್ಬನೇ ಚಾಲಕನ ಕೈಯಲ್ಲಿ, ಅದೇ ಸಂಜೆ 3 ನಿಮಿಷ 30.0, ಅದೇ ರಾತ್ರಿ 3 ನಿಮಿಷ 29.7 ಓಡಿದೆ. ಚಾಲಕ ಬದಲಾಗದಿದ್ದರೂ 0.3 ಸೆಕೆಂಡ್ ಇಳಿದಿದೆಯಾದ್ದರಿಂದ ಅಷ್ಟು ಪಾಲು ಹೊತ್ತಿನದು. ಬ ಅವರ 0.4ರಲ್ಲಿ ಈ 0.3 ಕಳೆಯಿರಿ. ಉಳಿದದ್ದು 0.1. ಅದು ಬ ಅವರದು.

ಒಂದೇ ದತ್ತಾಂಶ: 0.4 ಹಿಂದೆ, ನಂತರ 0.4 ಮುಂದೆ, ಕೊನೆಗೆ 0.1 ಮುಂದೆ. 0.1 ಎಂದರೆ 60 ಸುತ್ತಿಗೆ 6 ಸೆಕೆಂಡ್. ಇದೇನು ಮಹಾ ಎನ್ನುವವರಿಗೆ: 2024ರ ಲೆ ಮಾನ್‌ನಲ್ಲಿ 24 ಗಂಟೆ ಓಡಿದ ಮೇಲೆ ಗೆದ್ದ 50ನೆಯ ಸಂಖ್ಯೆಯ ಫೆರಾರಿಗೂ ಎರಡನೆಯದಾದ 7ನೆಯ ಸಂಖ್ಯೆಯ ಟೊಯೊಟಾಕ್ಕೂ ನಡುವಿನ ಅಂತರ 14.221 ಸೆಕೆಂಡ್.

ನನ್ನ ನೆಚ್ಚಿನ ಅಡ್ಡದಾರಿಯೊಂದಿದೆ. ಸಮಯವಿಲ್ಲದಿದ್ದರೆ ಮೂರನೆಯ ಬಳಕೆಯ ಟೈರಿನ ಸ್ಟಿಂಟ್‌ನ ಕೊನೆಯ ನಾಲ್ಕೈದು ಸುತ್ತುಗಳನ್ನು ಮಾತ್ರ ನೋಡಿ. ಟ್ಯಾಂಕ್ ಬರಿದಾಗುತ್ತಾ ಕಾರು ಹಗುರಾಗುವುದರಿಂದ ವೇಗ ಏರಬೇಕು, ಟೈರ್ ಸವೆಯುವುದರಿಂದ ಇಳಿಯಬೇಕು. ಸವೆತ ಗೆದ್ದರೆ ಸಮಯ ಜಾರುತ್ತದೆ. ಜಾರದಂತೆ ಹಿಡಿದಿಟ್ಟವನು ಟೈರನ್ನು ಮೊದಲಿನಿಂದಲೇ ಕಾಪಾಡಿಕೊಂಡು ಬಂದಿರುತ್ತಾನೆ. ದಟ್ಟಣೆಯ ಸುತ್ತುಗಳನ್ನು ಕೈಯಿಂದ ತೆಗೆದುಹಾಕಬೇಕು, ಅಷ್ಟೇ. ಇದು ಪೂರ್ಣ ಪ್ರಮಾಣವಲ್ಲ, ಆದರೆ ನನಗೆ ಇದರಷ್ಟು ಬೇಗ ಚಾಲಕನ ಗುಣ ತೋರಿಸಿದ ಅಂಕಿ ಬೇರೊಂದಿಲ್ಲ.

ಮೈಕ್ ಕಾನ್ವೆ

ಈ ಕನ್ನಡಕ ಹಾಕಿಕೊಂಡು ಟೊಯೊಟಾದ ಎರಡು ಕಾರುಗಳನ್ನು ನೋಡಿದಾಗ ಎದ್ದು ಕಾಣುವ ಹೆಸರು ಬ್ರಿಟನ್ನಿನ ಮೈಕ್ ಕಾನ್ವೆ. ಜನರಿಗೆ ಗೊತ್ತಿರುವುದು 8ನೆಯ ಕಾರಿನ ಸೆಬಾಸ್ಟಿಯನ್ ಬುಯೆಮಿ, ಕಝುಕಿ ನಕಜಿಮಾ, ಅವರ ಜೊತೆ 2018, 2019ರಲ್ಲಿ ಗೆದ್ದ ಫರ್ನಾಂಡೊ ಅಲೊನ್ಸೊ. ಬುಯೆಮಿ ನಾಲ್ಕು ಸಲ ಲೆ ಮಾನ್ ಗೆದ್ದವರು, ಅವರನ್ನು ಕಡೆಗಣಿಸುವ ಮಾತೇ ಇಲ್ಲ. ಆದರೆ 2019ರ ಲೆ ಮಾನ್ ಅನ್ನು ಬಹುಪಾಲು ಮುನ್ನಡೆಸಿದ್ದು ಕಾನ್ವೆ, ಕಮುಯಿ ಕೊಬಯಾಶಿ, ಹೊಸೆ ಮರಿಯಾ ಲೋಪೆಸ್ ಇದ್ದ 7ನೆಯ ಕಾರು. ಕೊನೆಯ ಗಂಟೆಯಲ್ಲಿ ಟೈರ್ ಪಂಕ್ಚರ್ ಎಂದು ಎಚ್ಚರಿಕೆ ಬಂತು. ಸೆನ್ಸರ್ ತಪ್ಪು ಚಕ್ರವನ್ನು ತೋರಿಸಿದ್ದರಿಂದ ಸರಿಯಿದ್ದ ಟೈರನ್ನು ಬದಲಿಸಿ ಕಳುಹಿಸಿದರು, ಪಂಕ್ಚರ್ ಆದದ್ದು ಹಾಗೆಯೇ ಉಳಿಯಿತು, ಮತ್ತೆ ಪಿಟ್‌ಗೆ ಬರಬೇಕಾಯಿತು. ಗೆಲುವು 8ಕ್ಕೆ ಹೋಯಿತು. ಆ ರೇಸಿನ ಅತಿ ವೇಗದ ಸುತ್ತು, 3 ನಿಮಿಷ 17.297 ಸೆಕೆಂಡ್, ಕಾನ್ವೆಯದು. ಒಂದೇ ಸುತ್ತನ್ನು ನಂಬಬೇಡಿ ಎಂದು ಮೇಲೆ ನಾನೇ ಬರೆದಿದ್ದೇನೆ, ನಿಜ. ಅದು ಪ್ರಮಾಣವಲ್ಲ, ಸುಳಿವು. ಸುಳಿವು ಸಿಕ್ಕಲ್ಲಿ ಸ್ಟಿಂಟ್‌ಗಳನ್ನು ತೆರೆದು ನೋಡಬೇಕು.

2017ರದು ಇನ್ನೂ ವಿಚಿತ್ರ. ಅರ್ಹತಾ ಸುತ್ತಿನಲ್ಲಿ ಕೊಬಯಾಶಿ 3 ನಿಮಿಷ 14.791 ಓಡಿಸಿ ಎಲ್ಲರನ್ನೂ ದಂಗುಬಡಿಸಿದ್ದರು. ರೇಸಿನ ರಾತ್ರಿ ಸೇಫ್ಟಿ ಕಾರಿನ ಹೊತ್ತಿನಲ್ಲಿ ಪಿಟ್ ಹಾದಿಯ ಕೊನೆಯಲ್ಲಿ ಕೆಂಪು ದೀಪಕ್ಕೆ ನಿಂತಾಗ, ಅಧಿಕಾರಿಗಳ ಬಟ್ಟೆಯಂಥದ್ದೇ ಕಿತ್ತಳೆ ಬಣ್ಣದ ಉಡುಪಿನಲ್ಲಿದ್ದ ಮತ್ತೊಬ್ಬ ಚಾಲಕ ಹುರಿದುಂಬಿಸಲೆಂದು ಹೆಬ್ಬೆರಳು ತೋರಿಸಿದ. ಹೊರಡಲು ಅನುಮತಿ ಸಿಕ್ಕಿತೆಂದು ಕೊಬಯಾಶಿ ಹೊರಟರು, ತಂಡ ನಿಲ್ಲಿಸಿತು, ಮತ್ತೆ ಹೊರಟರು. ಅಂಥ ಹೊರಡುವಿಕೆಗೆಂದು ಮಾಡದ ಕ್ಲಚ್ ಸುಟ್ಟುಹೋಯಿತು. ಈ ಕಾರಿಗೆ ಲೆ ಮಾನ್ ಒಲಿದದ್ದು 2021ರಲ್ಲಿ.

ಕಾನ್ವೆಯ ಹಿಂದಿನ ಕಥೆಯೂ ಗಮನಿಸತಕ್ಕದ್ದು. ಅಮೆರಿಕದ ಇಂಡಿಕಾರ್ ಸರಣಿಯ ದೊಡ್ಡ ರೇಸಾದ ಇಂಡಿ 500ರ 2010ರ ಓಟದಲ್ಲಿ, ಕೊನೆಯ ಸುತ್ತಿನಲ್ಲಿ ಭೀಕರ ಅಪಘಾತವಾಗಿ ಕಾಲು ಮುರಿಯಿತು, ಬೆನ್ನುಮೂಳೆಗೂ ಪೆಟ್ಟಾಯಿತು. 2012ರಲ್ಲಿ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ಇನ್ನು ಓಡಿಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿ ಹಿಂದೆ ಸರಿದರು. ಅರ್ಧ ವೇಳಾಪಟ್ಟಿಯ ಚಾಲಕನಾಗಿಯೇ 2014ರಲ್ಲಿ ಅದೇ ಸರಣಿಯ ಲಾಂಗ್ ಬೀಚ್ ಮತ್ತು ಟೊರಾಂಟೊ ರೇಸುಗಳನ್ನು ಗೆದ್ದರು. 14 ಸೆಕೆಂಡಿನಲ್ಲಿ ತಪ್ಪಿದ 2024ರ ಆ ಲೆ ಮಾನ್‌ನಲ್ಲಿ ಕಾನ್ವೆ ಇರಲಿಲ್ಲ. ಸೈಕಲ್ ಅಪಘಾತದಲ್ಲಿ ಮೂಳೆ ಮುರಿದುಕೊಂಡು ಹೊರಗಿದ್ದರು. ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಯಾವ 20 ಪ್ರತಿಶತವೂ ಉತ್ತರ ಕೊಡುವುದಿಲ್ಲ.

ಸೂಪರ್ ಫಾರ್ಮುಲಾ: ಲೆಕ್ಕ ಸುಲಭ

ಜಪಾನಿನ ಸೂಪರ್ ಫಾರ್ಮುಲಾ ಸರಣಿಯಲ್ಲಿ ಇಷ್ಟೆಲ್ಲ ಕಳೆಯುವ ಕೆಲಸವಿಲ್ಲ. ಎಲ್ಲರಿಗೂ ದಲ್ಲಾರಾ ಚಾಸಿ (ಕಾರಿನ ಹಂದರ), ಯೊಕೊಹಾಮಾ ಟೈರ್. ಎಂಜಿನ್ ಮಾತ್ರ ಟೊಯೊಟಾ ಅಥವಾ ಹೋಂಡಾ. ಜೊತೆಗೆ, ಫಾರ್ಮುಲಾ ಒನ್ ಬಾಗಿಲಲ್ಲಿ ನಿಂತ ಯುವಕರು ಒಂದೊಂದು ವರ್ಷ ಇಲ್ಲಿ ಓಡಿಸಿ ಹೋಗುತ್ತಾರೆ. ಹೀಗೆ ಹೋಲಿಕೆಯ ಅಳತೆಗೋಲು ತಾನಾಗಿಯೇ ಸಿಗುತ್ತದೆ. 2017ರಲ್ಲಿ ಪಿಯರ್ ಗ್ಯಾಸ್ಲಿ ಇಲ್ಲಿ ಅರ್ಧ ಅಂಕದಿಂದ ಪ್ರಶಸ್ತಿ ಕಳೆದುಕೊಂಡರು. ಚಂಡಮಾರುತದಿಂದಾಗಿ ಸುಝುಕಾದಲ್ಲಿ ನಡೆಯಬೇಕಿದ್ದ ವರ್ಷದ ಕೊನೆಯ ಪಂದ್ಯಗಳು ರದ್ದಾಗಿದ್ದವು. ಗೆದ್ದವರು ಹಿರೋಆಕಿ ಇಶಿಉರಾ, ಅದು ಅವರ ಎರಡನೆಯ ಪ್ರಶಸ್ತಿ. ಗ್ಯಾಸ್ಲಿಯ ಹೆಸರು ಎಲ್ಲರಿಗೂ ಗೊತ್ತು.

ಇದಕ್ಕಿಂತ ಒಳ್ಳೆಯ ಉದಾಹರಣೆ ತೊಮೊಕಿ ನೊಜಿರಿ. 2021, 2022ರ ಸತತ ಚಾಂಪಿಯನ್. 2023ರಲ್ಲಿ ಅವರ ಮುಗೆನ್ ತಂಡಕ್ಕೆ ಲಿಯಾಮ್ ಲಾಸನ್ ಬಂದರು, ಮೊದಲ ರೇಸನ್ನೇ ಗೆದ್ದರು, ಅದೇ ವರ್ಷ ಫಾರ್ಮುಲಾ ಒನ್‌ಗೂ ಹೋದರು. ಶ್ವಾಸಕೋಶದ ತೊಂದರೆಯಿಂದ ಒಂದು ರೇಸನ್ನು ಪೂರ್ತಿ ತಪ್ಪಿಸಿಕೊಂಡ ನೊಜಿರಿ, ವರ್ಷದ ಕೊನೆಗೆ ಲಾಸನ್ ಹಿಂದೆಯೇ ಮೂರನೆಯ ಸ್ಥಾನದಲ್ಲಿದ್ದರು. ಚಾಂಪಿಯನ್ ಆದದ್ದು ರಿತೊಮೊ ಮಿಯಾತಾ. ಲಾಸನ್ ಅವರಿಗೆ ಆಗ 21, ನೊಜಿರಿಗೆ ಮೂವತ್ತು ದಾಟಿತ್ತು. ವಯಸ್ಸು ಬಿಟ್ಟರೆ ಇಬ್ಬರ ನಡುವೆ ನಾನು ಕಾಣುವ ಅಂತರ ಬಹಳ ಸಣ್ಣದು.

ಚಿಕ್ಕದಾಗಿ, ಇನ್ನು ಮೂವರು

ಸ್ಕಾಟ್ ಡಿಕ್ಸನ್: ಇಂಡಿಕಾರ್‌ನಲ್ಲಿ ಆರು ಪ್ರಶಸ್ತಿ. 2004ರಲ್ಲಿ ವಿಲಿಯಮ್ಸ್ ಕಾರನ್ನು ಪರೀಕ್ಷಾರ್ಥ ಓಡಿಸಿದ್ದು ಬಿಟ್ಟರೆ ಫಾರ್ಮುಲಾ ಒನ್ ಸಂಬಂಧವಿಲ್ಲ. ಇವರ ವೇಗ ಸುತ್ತಿನ ಸಮಯದಲ್ಲಿ ಕಾಣುವುದಿಲ್ಲ, ಉಳಿಸಿದ ಇಂಧನದಲ್ಲಿ ಕಾಣುತ್ತದೆ. 2024ರ ಲಾಂಗ್ ಬೀಚ್‌ನಲ್ಲಿ ಬೇಗನೆ ಪಿಟ್‌ಗೆ ಬಂದು, ಉಳಿದ ದೂರವನ್ನು ಇನ್ನೊಂದೇ ನಿಲುಗಡೆಯಲ್ಲಿ ಮುಗಿಸಿ, ಹೆಚ್ಚು ಇಂಧನವಿದ್ದು ಹಿಂದಿನಿಂದ ನುಗ್ಗಿಬರುತ್ತಿದ್ದವರನ್ನು ತಡೆದು ಗೆದ್ದರು. ಇಂಥವರಿಗೆ ಮೇಲಿನ 20 ಪ್ರತಿಶತದ ಸೂತ್ರ ಹಾಕಿದರೆ ಅನ್ಯಾಯವಾಗುತ್ತದೆ.

ಸಾರಾ ಬೋವಿ: ಮೋಟಾರು ರೇಸಿಂಗಿನ ವಿಶ್ವ ಸಂಸ್ಥೆಯಾದ ಎಫ್‌ಐಎ ಚಾಲಕರನ್ನು ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಝ್ ಎಂದು ವಿಂಗಡಿಸುತ್ತದೆ. ಬ್ರಾಂಝ್ ಎಂದರೆ ಹವ್ಯಾಸಿಗಳ ದರ್ಜೆ. ಜಿಟಿ ವರ್ಗದ ಕಾರಿನಲ್ಲಿ ಒಬ್ಬ ಬ್ರಾಂಝ್ ಚಾಲಕ ಇರಲೇಬೇಕು. ಹೀಗಾಗಿ ಆ ವರ್ಗದಲ್ಲಿ ರೇಸಿನ ಭವಿಷ್ಯ ನಿರ್ಧರಿಸುವುದು ಅತಿ ವೇಗದ ವೃತ್ತಿಪರರಿಗಿಂತ ಹೆಚ್ಚಾಗಿ ಬ್ರಾಂಝ್ ಚಾಲಕರ ನಡುವಿನ ಅಂತರ. ಬೆಲ್ಜಿಯಂನ ಬೋವಿ 2022ರಲ್ಲಿ ಮೊಂಝಾದಲ್ಲಿ ವಿಶ್ವ ಸಹಿಷ್ಣುತಾ ಚಾಂಪಿಯನ್‌ಷಿಪ್‌ನ ವರ್ಗವೊಂದರಲ್ಲಿ ಪೋಲ್ (ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ) ಪಡೆದ ಮೊದಲ ಮಹಿಳೆಯಾದರು. 2023ರ ಬಹ್ರೇನ್‌ನಲ್ಲಿ ರಾಹೆಲ್ ಫ್ರೈ, ಮಿಷೆಲ್ ಗ್ಯಾಟಿಂಗ್ ಜೊತೆ ವರ್ಗದ ಗೆಲುವನ್ನೂ ಪಡೆದರು. ಆ ವರ್ಷಗಳಲ್ಲಿ ಬ್ರಾಂಝ್ ಆಗಿದ್ದ ಇವರನ್ನು ಅಳೆಯುವಾಗ ಸಹಚಾಲಕರನ್ನು ಬಿಟ್ಟು ಬೇರೆ ಕಾರುಗಳ ಬ್ರಾಂಝ್‌ಗಳ ಜೊತೆ ಇಡಬೇಕು. ಹೋಲಿಕೆ ಒಂದೇ ಕಾರಿನೊಳಗೆ ಇರಬೇಕು ಎಂದು ಮೇಲೆ ಹೇಳಿದ ನಿಯಮಕ್ಕೆ ಇದೊಂದೇ ವಿನಾಯಿತಿ.

ಅರ್ಜುನ್ ಮೈನಿ: ಬೆಂಗಳೂರಿನವರು. ಫಾರ್ಮುಲಾ ಒನ್‌ಗೆ ಮೆಟ್ಟಿಲಾದ ಸರಣಿಗಳಲ್ಲಿ, 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದು, 2018ರಲ್ಲಿ ಫಾರ್ಮುಲಾ 2 ಓಡಿಸಿ, 2019ರಲ್ಲಿ ಎಲ್‌ಎಂಪಿ2 ಕಾರಿನಲ್ಲಿ ಲೆ ಮಾನ್‌ಗೆ ಇಳಿದರು. 2021ರಿಂದ ಜರ್ಮನಿಯ ಡಿಟಿಎಂ ಕಾರು ರೇಸ್ ಸರಣಿಯಲ್ಲಿದ್ದಾರೆ, ಮೊದಲು ಮರ್ಸಿಡಿಸ್, 2025ರಲ್ಲಿ ಫೋರ್ಡ್ ಮಸ್ಟಾಂಗ್. ತಮ್ಮ ಕುಶ್ ಫಾರ್ಮುಲಾ 2ರಲ್ಲಿ ಇರುವುದರಿಂದ ನಮ್ಮ ಪತ್ರಿಕೆಗಳ ಜಾಗವೆಲ್ಲ ಅತ್ತ ಹೋಗುತ್ತದೆ. ಡಿಟಿಎಂನಲ್ಲಿ ಕಾರಿಗೊಬ್ಬನೇ ಚಾಲಕ, ಆದರೆ ಕಾರುಗಳ ನಡುವೆ ಇಲ್ಲಿಯೂ ಹೊಂದಾಣಿಕೆಯ ತೂಕ ಇರುತ್ತದೆ. ಆದ್ದರಿಂದ ಒಟ್ಟು ಸ್ಥಾನಪಟ್ಟಿಯನ್ನು ಬದಿಗಿಟ್ಟು, ಅವರದೇ ತಂಡದ ಇನ್ನೊಂದು ಕಾರಿನ ಸುತ್ತುಸಮಯಗಳನ್ನು ಪಕ್ಕದಲ್ಲಿಟ್ಟುಕೊಂಡು, ಪಿಟ್ ನಿಲುಗಡೆಯ ನಂತರದ ಮೊದಲ ಐದು ಸುತ್ತು ಮತ್ತು ಕೊನೆಯ ಐದು ಸುತ್ತುಗಳನ್ನು ಬೇರೆಬೇರೆಯಾಗಿ ಹೋಲಿಸಿ. ಮೊದಲ ಐದು ಟೈರನ್ನು ಬಿಸಿಮಾಡಿಕೊಳ್ಳುವ ಕೌಶಲವನ್ನೂ, ಕೊನೆಯ ಐದು ಅದನ್ನು ಉಳಿಸಿಕೊಳ್ಳುವ ಕೌಶಲವನ್ನೂ ತೋರಿಸುತ್ತವೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡೂ ಮರೆಯಾಗುತ್ತವೆ.