ಉಬ್ಬಸದ ರಕ್ತವರದಿ: ಕಣ ಹುಟ್ಟಿದ್ದೆಷ್ಟು, ಸತ್ತಿದ್ದೆಷ್ಟು

ಮಳೆಗಾಲದ ಬೂಷ್ಟು, ಅಡಿಕೆ ಸುಲಿಯುವಾಗಿನ ದೂಳು, ಎರಡೂ ಸೇರಿದರೆ ಶಿರಸಿಯ ನಮ್ಮ ದೊಡ್ಡಾಯಿಗೆ ದಮ್ಮು ಕಟ್ಟುತ್ತದೆ. ಹೋದ ಸಲ ರಕ್ತದ ವರದಿ ನನ್ನ ಕೈಗಿಟ್ಟು, "ಎಂತ ಬರದ್ದು ತಮಾ ಇದ್ರಲ್ಲಿ?" ಎಂದಳು. ಈ ಟಿಪ್ಪಣಿ ಶುರುವಾದದ್ದು ಅಲ್ಲಿಂದ.

ಒಟ್ಟು ಬಿಳಿಕಣ ಮೈಕ್ರೋಲೀಟರಿಗೆ 9,000, ಅದರಲ್ಲಿ ಇಯೋಸಿನೋಫಿಲ್ ಎಂಬ ಬಗೆಯವು ಶೇ. 8. ಶೇಕಡಾವಾರು ನೋಡಿ ನಿಲ್ಲಬೇಡಿ, ಗುಣಿಸಿ: ಮೈಕ್ರೋಲೀಟರಿಗೆ 720. ಸಾಮಾನ್ಯವಾಗಿ 500 ದಾಟಿದರೆ ಹೆಚ್ಚು. ತೀವ್ರ ಆಸ್ತಮಾಕ್ಕೆ ಮೆಪೊಲಿಜುಮ್ಯಾಬ್‌ನಂಥ ಚುಚ್ಚುಮದ್ದು ಬೇಕೇ ಎಂದು ತೂಗುವಾಗ 150, 300ರ ಗೆರೆಗಳೂ ಲೆಕ್ಕಕ್ಕೆ ಬರುತ್ತವೆ.

ಏರಿದ್ದೇಕೆ? ಮಜ್ಜೆಯಲ್ಲಿ ಹೆಚ್ಚು ಹುಟ್ಟಿದ್ದಕ್ಕೆ ಎಂದಷ್ಟೇ ಬರೆದರೆ ಅರ್ಧ ಉತ್ತರ. ಐಎಲ್-5 ಎಂಬ ಸಂದೇಶವಾಹಕ ಅವನ್ನು ಹುಟ್ಟಿಸುವುದಷ್ಟೇ ಅಲ್ಲ, ಸಾಯಲೂ ಬಿಡುವುದಿಲ್ಲ. ಸ್ಟೀರಾಯ್ಡ್ ಇದನ್ನು ತಿರುಗಿಸುತ್ತದೆ: ಇಯೋಸಿನೋಫಿಲ್ ಬೇಗ ಸಾಯುತ್ತವೆ, ಬಿಳಿಕಣದ ಇನ್ನೊಂದು ಬಗೆಯಾದ ನ್ಯೂಟ್ರೋಫಿಲ್ ಮಾತ್ರ ಇನ್ನೂ ಹೆಚ್ಚು ಬದುಕುತ್ತವೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದ ಮರುದಿನದ ವರದಿಯಲ್ಲಿ ದೊಡ್ಡಾಯಿಯ ಇಯೋಸಿನೋಫಿಲ್ ಶೇ. 1, ನ್ಯೂಟ್ರೋಫಿಲ್ ಶೇ. 82. ಅವಳಿಗೆ ಖುಷಿ, ನನಗೆ ಅದು ರೋಗದ ಲೆಕ್ಕವಲ್ಲ, ಮಾತ್ರೆಯ ಲೆಕ್ಕ. ಕೊನೆಯ ಮಾತ್ರೆ ಯಾವಾಗ ನುಂಗಿದ್ದು ಎಂದು ಚೀಟಿಯಲ್ಲಿ ಬರೆದಿಡಿ.

ಈಗ ಕೋಶ ಸಾಯುವ ಬಗೆ. ಕೋಶ ತಾನೇ ಅಚ್ಚುಕಟ್ಟಾಗಿ ಸಾಯುವುದಕ್ಕೆ ಅಪೊಪ್ಟೋಸಿಸ್ ಎಂಬ ಹೆಸರು ಕೊಟ್ಟವರು ಕೆರ್, ವೈಲಿ, ಕರಿ, 1972ರಲ್ಲಿ. ಗ್ರೀಕಿನಲ್ಲಿ ಎಲೆ ಉದುರುವುದು ಎಂದರ್ಥ. ನಮಗೆ ಅಡಿಕೆ ಹಾಳೆ ಸಾಕು. ಹಣ್ಣಾದ ಹಾಳೆ ತಾನೇ ಕಳಚಿ ಬೀಳುತ್ತದೆ, ಮರಕ್ಕೆ ಗಾಯವಿಲ್ಲ. ಸಾವಿನ ಇನ್ನೊಂದು ಬಗೆ ನೆಕ್ರೋಸಿಸ್, ಅದು ಕೊಳೆರೋಗದ ಹಾಗೆ: ಕೋಶ ಒಡೆದು ಒಳಗಿನದೆಲ್ಲ ಚೆಲ್ಲುತ್ತದೆ. ಚೆಲ್ಲಿದ್ದರಲ್ಲಿ ಎಚ್‌ಎಂಜಿಬಿ1 ಎಂಬ ಪ್ರೋಟೀನೂ ಇದ್ದು, ಅದೇ ಮತ್ತೆ ಉರಿಯೂತ ಎಬ್ಬಿಸುತ್ತದೆ.

ಶ್ವಾಸನಾಳದ ಒಳಪದರದ ಕೋಶಗಳಲ್ಲಿ ಕೆರಾಟಿನ್-18 ಎಂಬ ಪ್ರೋಟೀನ್ ಇದೆ, ರಕ್ತಕಣಗಳಲ್ಲಿಲ್ಲ. ಅಪೊಪ್ಟೋಸಿಸ್ ಆಗುವಾಗ ಕ್ಯಾಸ್ಪೇಸ್ ಕಿಣ್ವ ಅದನ್ನು ಕತ್ತರಿಸಿದ ತುಂಡು ಎಂ30 ಪರೀಕ್ಷೆಗೆ ಸಿಗುತ್ತದೆ. ಎಂ65 ಕತ್ತರಿಸಿದ್ದು, ಇಡಿಯದು ಎರಡನ್ನೂ ಅಳೆಯುತ್ತದೆ. ಆದರೆ ಯಕೃತ್ತಿನಲ್ಲೂ ಇದೇ ಕೆರಾಟಿನ್. ಕೊಬ್ಬಿನ ಯಕೃತ್ತಿದ್ದವರಲ್ಲಿ ಏರಿದರೆ ಶ್ವಾಸನಾಳವನ್ನು ದೂರುವ ಹಾಗಿಲ್ಲ. ಇವೆಲ್ಲ ಸಂಶೋಧನೆಯ ಪರೀಕ್ಷೆಗಳು, ಊರಿನ ಲ್ಯಾಬಿನವಲ್ಲ.

ಸಿಆರ್‌ಪಿ (ಉರಿಯೂತದ ಗುರುತಾದ ಪ್ರೋಟೀನ್) ಬಗ್ಗೆ ಒಂದೇ ಮಾತು: ಐಎಲ್-6 ಎಂಬ ಇನ್ನೊಂದು ಸಂದೇಶವಾಹಕ ಹೇಳಿದಂತೆ ಯಕೃತ್ತು ತಯಾರಿಸುತ್ತದೆ, ಸೋಂಕಿಗೂ ಬೊಜ್ಜಿಗೂ ಏರುತ್ತದೆ, ಇಯೋಸಿನೋಫಿಲ್ ಆಸ್ತಮಾದಲ್ಲಿ ಏರದೆಯೂ ಇರಬಹುದು.

ಕರಾವಳಿಯವರು ಇನ್ನೊಂದು ನೆನಪಿಡಿ. ಇಯೋಸಿನೋಫಿಲ್ 3,000 ದಾಟಿ, ರಾತ್ರಿ ಕೆಮ್ಮು, ಗೊರಗೊರ ಇದ್ದರೆ ಆನೆಕಾಲಿನ ಹುಳದಿಂದ ಬರುವ ಶ್ವಾಸಕೋಶದ ತೊಂದರೆಯೂ ಇರಬಹುದು. ಅದಕ್ಕೆ ಹುಳ ಕೊಲ್ಲುವ ಡಿಇಸಿ ಮಾತ್ರೆ, ಇನ್‌ಹೇಲರ್ ಅಲ್ಲ. ಹೊಟ್ಟೆಹುಳವೂ ಸಂಖ್ಯೆ ಏರಿಸುತ್ತದೆ.

ಎಲ್‌ಡಿಎಚ್ ಎಂಬ ಕಿಣ್ವ ಕೂಡ ಕೋಶ ಒಡೆದರೆ ಹೊರಬರುತ್ತದೆ. ಆದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಕುಲುಕಿ ಬಂದ ಟ್ಯೂಬಿನ ಸೀರಮ್ (ರಕ್ತದ ಮೇಲಿನ ತಿಳಿ) ಕೆಂಪಗಿದ್ದರೆ, ಒಡೆದದ್ದು ಟ್ಯೂಬಿನೊಳಗಿನ ಕೆಂಪುಕಣ. ಹೊಸದಾಗಿ ರಕ್ತ ತೆಗೆಯಿರಿ.