ಚೀಲದಿಂದ ತಾವಾಗಿಯೇ ಹೊರಬಿದ್ದ ಕಾಳುಗಳು

ಡಿಸೆಂಬರ್ ಕಳೆಯುತ್ತಿದ್ದಂತೆ ಕಲಬುರಗಿಯ ನೆಹರು ಗಂಜ್‌ನ ಅಡತಿ ಅಂಗಡಿಗಳ ಮುಂದೆ ತೊಗರಿ ಚೀಲಗಳು ಆಳೆತ್ತರಕ್ಕೆ ಏರುತ್ತವೆ. ಅಲ್ಲಿ ಖರೀದಿದಾರ ಮಾಡುವ ಒಂದು ಸಣ್ಣ ಕೆಲಸವನ್ನು ನಾನು ಪ್ರತಿ ಸುಗ್ಗಿಯಲ್ಲೂ ನಿಂತು ನೋಡುತ್ತೇನೆ. ಚೀಲದ ಬಾಯಿ ಬಿಚ್ಚಿ ಮೇಲೆ ಕಂಡ ಕಾಳನ್ನಷ್ಟೇ ನೋಡಿ ಅವನು ದರ ಹೇಳುವುದಿಲ್ಲ. ಮೊನಚು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಮೇಲ್ಭಾಗಕ್ಕೊಮ್ಮೆ, ನಡುವಿಗೊಮ್ಮೆ, ಬುಡಕ್ಕೊಮ್ಮೆ ಚುಚ್ಚುತ್ತಾನೆ. ಕೊಳವೆಯೊಳಗೆ ಇಳಿದು ಬಂದ ಕಾಳನ್ನು ಅಂಗೈ ಮೇಲೆ ಹರಡಿ, ಒಂದನ್ನು ಹಲ್ಲಿನಲ್ಲಿ ಕಡಿದು ತೇವವೆಷ್ಟಿದೆ ಎಂದು ತಿಳಿದ ಮೇಲೆಯೇ ದರದ ಮಾತು. ಸಂಖ್ಯಾಶಾಸ್ತ್ರ ಪಾಠ ಮಾಡುವ ನನಗೆ ಆ ಕೊಳವೆಯ ಮೇಲೆ ಅಪಾರ ಗೌರವವಿದೆ. ಯಾವ ಕಾಳು ಅಂಗೈಗೆ ಬರಬೇಕೆಂಬುದು ಅಲ್ಲಿ ಕಾಳಿನ ಇಷ್ಟಕ್ಕೆ ಬಿಟ್ಟದ್ದಲ್ಲ.

ಕಳೆದ ವರ್ಷ ಪದವಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಬಂದು ತನ್ನ ಫೋನನ್ನು ನನ್ನ ಮುಂದೆ ಹಿಡಿದಾಗ ನೆನಪಾದದ್ದು ಇದೇ ಕೊಳವೆ. ದೂರದ ನಗರವೊಂದರ ಸಣ್ಣ ಕಂಪನಿ ಅವಳನ್ನು ಕೆಲಸಕ್ಕೆ ಕರೆದಿತ್ತು. "ಸರ್, ಇದಕ ನಾಕೂವರಿ ಸ್ಟಾರ್ ಅವರೀ, ಛಲೋ ಕಂಪನಿನೇ ಇರಬೇಕಲ್ರೀ?" ಎಂದಳು. ಪರದೆಯ ಮೇಲೆ 4.6 ಎಂದಿತ್ತು. ಕೆಳಗೆ ಸರಿಸುತ್ತ ಹೋದೆವು. ಒಟ್ಟು 14 ವಿಮರ್ಶೆಗಳು. ಅವುಗಳಲ್ಲಿ 11 ಒಂದೇ ವಾರದಲ್ಲಿ ಬಂದಿದ್ದವು, ಎಲ್ಲಕ್ಕೂ ಐದೈದು ನಕ್ಷತ್ರ, ಎಲ್ಲದರಲ್ಲೂ "ಕಲಿಯಲು ಒಳ್ಳೆಯ ವಾತಾವರಣ" ಎಂಬ ಅದೇ ಮಾತು. ಉಳಿದ ಮೂರು ಬೇರೆ ಬೇರೆ ವರ್ಷಗಳಲ್ಲಿ ಬರೆದವು: ಒಂದಕ್ಕೆ ಎರಡು, ಒಂದಕ್ಕೆ ಮೂರು, ಒಂದಕ್ಕೆ ನಾಲ್ಕು ನಕ್ಷತ್ರ. ಆ ಒಂದು ವಾರವನ್ನು ಬದಿಗಿಟ್ಟರೆ ಕಂಪನಿಯ ಸರಾಸರಿ 3.

ನಮ್ಮ ಊರುಗಳಲ್ಲಿ ಈಗ ಕೆಲಸ ಹುಡುಕುವ ಮಕ್ಕಳು ಈ ನಕ್ಷತ್ರಗಳನ್ನು ನೋಡುವ ರೀತಿ ನನಗೆ ಕಳವಳ ತರುತ್ತದೆ. ಹಿರಿಯರು ಸಂಬಂಧ ಕೂಡಿಸುವಾಗ ಜಾತಕದ ನಕ್ಷತ್ರ ನೋಡಿದಷ್ಟೇ ಶ್ರದ್ಧೆಯಿಂದ, ಆ ಅಂಕ ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳದೆ, ಇವರು ಕಂಪನಿಯ ನಕ್ಷತ್ರ ನೋಡುತ್ತಾರೆ. ಪರದೆಯ ಮೇಲೆ ದಶಮಾಂಶ ಸಹಿತ ಮೂಡಿದ ಕೂಡಲೇ ಅದು ಥರ್ಮಾಮೀಟರಿನ ಅಂಕಿಯಂತೆ, ಅಳೆದು ಬರೆದದ್ದರಂತೆ ಕಾಣುತ್ತದೆ. ಆದರೆ ಥರ್ಮಾಮೀಟರು ತನಗೆ ಬೇಕಾದ ರೋಗಿಯನ್ನು ಆರಿಸಿಕೊಳ್ಳುವುದಿಲ್ಲ, ಜ್ವರವಿದ್ದವರ ಬಾಯಿಗಷ್ಟೇ ಹೋಗುತ್ತೇನೆ ಎಂದು ಹಟ ಹಿಡಿಯುವುದೂ ಇಲ್ಲ.

ಆನ್‌ಲೈನ್ ವಿಮರ್ಶೆಯೆಂದರೆ ಯಾರೂ ಕೊಳವೆ ಚುಚ್ಚದಿದ್ದರೂ ಚೀಲದಿಂದ ತಾವಾಗಿಯೇ ಹೊರಜಿಗಿದ ಕಾಳು. ಅಂಥ ಕಾಳನ್ನು ಆಯ್ದು ಚೀಲದ ಗುಣ ಹೇಳಲಾಗದು, ಏಕೆಂದರೆ ಜಿಗಿಯುವ ಕಾಳಿಗೆ ಜಿಗಿಯಲು ಒಂದು ಕಾರಣವಿರುತ್ತದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ ಯಾರೂ ನಿಲ್ದಾಣದ ನಿಯಂತ್ರಕರ ಕಿಟಕಿಗೆ ಹೋಗಿ ಹಾಗೆಂದು ತಿಳಿಸುವುದಿಲ್ಲ. ಎರಡು ತಾಸು ತಡವಾದ ದಿನ ಆ ಕಿಟಕಿಯ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಹಾಸ್ಟೆಲಿನ ಸಾರು ದಿನವೂ ಸಾಧಾರಣವಾಗಿದ್ದರೆ ಅದರ ಸುದ್ದಿ ಗೋಡೆ ದಾಟದು. ಹುಳ ಬಿದ್ದ ದಿನ, ಹೋಳಿಗೆ ಬಡಿಸಿದ ದಿನ ದಾಟುತ್ತದೆ. ಹಾಗೆಯೇ, ಸಂಬಳ ಸುಮಾರಾಗಿದೆ, ಮೇಲಧಿಕಾರಿ ಸುಮಾರಾಗಿದ್ದಾರೆ, ಭಾನುವಾರ ರಜೆ ಸಿಗುತ್ತದೆ ಎನ್ನುವ ನೌಕರ ಕೆಲಸ ಮುಗಿಸಿ ಮನೆಗೆ ಹೋಗಿ ಮಲಗುತ್ತಾನೆ. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕಂಪನಿಯ ಬಗ್ಗೆ ನಾಲ್ಕು ಸಾಲು ಬರೆಯುವವನಿಗೆ ಒಂದೋ ಹೊಟ್ಟೆಯಲ್ಲಿ ಬೆಂಕಿ ಇರುತ್ತದೆ, ಇಲ್ಲವೇ ಹಾಗೆ ಬರೆಯಲು ಯಾರೋ ಹೇಳಿರುತ್ತಾರೆ. ಮೌನವಾಗಿರುವ ಬಹುಪಾಲು ಜನರ ಅನುಭವವೇ ಕಂಪನಿಯ ನಿಜವಾದ ಹವಾಮಾನ. ನಮಗೆ ಕೇಳಿಸುವುದು ಗುಡುಗು ಮಾತ್ರ.

ಇದನ್ನು ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಉದಾಹರಣೆಗೆಂದು 1000 ನೌಕರರ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಮನಸ್ಸಿನಲ್ಲಿ ಒಂದು ನಕ್ಷತ್ರ ಕೊಡುವ ಕಡುಬೇಸರದವರು 100 ಮಂದಿ, ಐದು ಕೊಡುವ ಪರಮ ಸಂತುಷ್ಟರು 100 ಮಂದಿ, ಮೂರು ಕೊಡುವ ನಡುವಿನವರು 800 ಮಂದಿ. ಎಲ್ಲರನ್ನೂ ಕೇಳಿದರೆ ಸರಾಸರಿ ಸರಿಯಾಗಿ 3. ಆದರೆ ಬರೆಯುವವರು ಎಲ್ಲರೂ ಅಲ್ಲ. ಬೇಸರದವರಲ್ಲಿ 50, ಸಂತುಷ್ಟರಲ್ಲಿ 30, ನಡುವಿನವರಲ್ಲಿ ನೂರಕ್ಕೆ ಇಬ್ಬರಂತೆ 16 ಮಂದಿ ಬರೆದರೆ ಒಟ್ಟು 96 ವಿಮರ್ಶೆಗಳಾಗುತ್ತವೆ, ಪರದೆಯ ಮೇಲಿನ ಸರಾಸರಿ ಸುಮಾರು 2.6 ಕ್ಕೆ ಇಳಿಯುತ್ತದೆ. ಈಗ ಸಿಬ್ಬಂದಿ ವಿಭಾಗದವರು ಸಂತುಷ್ಟರನ್ನಷ್ಟೇ ಕರೆದು "ಒಂದೆರಡು ಸಾಲು ಬರೆಯಿರಿ" ಎಂದರೆಂದೂ, ಅವರಲ್ಲಿ 30 ರ ಬದಲು 80 ಮಂದಿ ಬರೆದರೆಂದೂ ಇಟ್ಟುಕೊಳ್ಳಿ. ಸರಾಸರಿ 3.4 ಕ್ಕೆ ಏರುತ್ತದೆ. ಯಾರ ಸಂಬಳವೂ ಒಂದು ರೂಪಾಯಿ ಹೆಚ್ಚಲಿಲ್ಲ, ಯಾರೂ ಸುಳ್ಳು ಬರೆಯಲಿಲ್ಲ. ಬದಲಾದದ್ದು ಬಾಯಿ ತೆರೆದವರ ಪಟ್ಟಿ ಒಂದೇ. ನಕಲಿ ವಿಮರ್ಶೆಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಎಚ್ಚರಿಸಲೇಬೇಕು. ಆದರೆ ಪ್ರತಿಯೊಂದು ವಿಮರ್ಶೆಯೂ ಅಸಲಿಯಾಗಿದ್ದು ಒಟ್ಟು ಚಿತ್ರ ಸುಳ್ಳಾಗಬಹುದು ಎಂಬುದನ್ನು ಮನಗಾಣಿಸುವುದು ಅದಕ್ಕಿಂತ ಕಷ್ಟ, ಅದಕ್ಕಿಂತ ಅಗತ್ಯ.

ಈ ದೋಷವನ್ನು ಕಡಿಮೆ ಮಾಡುವ ದಾರಿಯೂ ಇದೆ. 2008 ರಲ್ಲಿ ಜನರಿಗೆ ತೆರೆದುಕೊಂಡ ಗ್ಲಾಸ್‌ಡೋರ್ ಎಂಬ ತಾಣ, ಇತರರು ಬರೆದದ್ದನ್ನು ಪೂರ್ತಿಯಾಗಿ ಓದಬೇಕಾದರೆ ನೀವೂ ನಿಮ್ಮ ಕಂಪನಿಯ ಬಗ್ಗೆ ಬರೆಯಿರಿ ಎಂಬ ನಿಯಮ ಮಾಡಿತು. ಆ ನಿಯಮದ ಒತ್ತಾಯಕ್ಕೆ ಬರೆದವರ ವಿಮರ್ಶೆಗಳನ್ನು ಸ್ವಯಂಪ್ರೇರಣೆಯಿಂದ ಬರೆದವರದರೊಂದಿಗೆ ಸಂಶೋಧಕರು ಹೋಲಿಸಿದಾಗ, ಒತ್ತಾಯದವರಲ್ಲಿ ಒಂದು, ಐದು ಎಂಬ ಎರಡೂ ತುದಿಯ ಅಂಕಗಳು ಕಡಿಮೆಯಾಗಿ ನಡುವಿನವು ಹೆಚ್ಚಾಗಿದ್ದವು. ಸುಮ್ಮನೆ ಮಲಗುತ್ತಿದ್ದವನನ್ನು ಆ ನಿಯಮ ಎಬ್ಬಿಸಿತ್ತು. ನೆಹರು ಗಂಜ್‌ನ ಭಾಷೆಯಲ್ಲಿ ಹೇಳುವುದಾದರೆ, ಕೊಳವೆ ಚೀಲದ ನಡುವಿಗೂ ಇಳಿಯಿತು.

ಕೆಲಸಕ್ಕೆ ಜನರನ್ನು ಸೆಳೆಯುವುದೂ, ಹೆಸರು ಕಟ್ಟುವುದೂ, ಒಂದು ಹಾಳೆಯಿಂದ ಹೆಸರು ಕೆಡುವುದೂ ಫೋನಿನ ಕಾಲದಲ್ಲಿ ಹುಟ್ಟಿದವೆಂದು ಭಾವಿಸುವವರು ಒಮ್ಮೆ ಬೀದರಿಗೆ ಹೋಗಿ ಮಹಮೂದ್ ಗವಾನನ ಮದರಸದ ಮುಂದೆ ನಿಲ್ಲಬೇಕು. ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472 ರಲ್ಲಿ ಕಟ್ಟಿಸಿದ ಆ ಮೂರಂತಸ್ತಿನ ವಿದ್ಯಾಲಯಕ್ಕೆ ದೂರದೂರದ ವಿದ್ವಾಂಸರು ಬೇಕಾಗಿದ್ದರು. ಅವರನ್ನು ಕರೆಸಲು ಅವನಿಗಿದ್ದ ಸಾಧನ ಪತ್ರ. ಸಮುದ್ರದಾಚೆಯ ಪಂಡಿತರಿಗೂ ಕವಿಗಳಿಗೂ ಅವನು ಬರೆದ ಪತ್ರಗಳ ಸಂಗ್ರಹ ಇಂದಿಗೂ ಉಳಿದಿದೆ. ದಖ್ಖನಿನ ಈ ಊರಿಗೆ ಬಂದರೆ ವಿದ್ಯೆಗೆ ಮನ್ನಣೆ ಉಂಟು ಎಂಬ ಹೆಸರು ಆ ಪತ್ರಗಳ ಮೂಲಕ ಹರಡಿತು, ಮತ್ತು ಅದೇ ಪತ್ರವಿದ್ಯೆ ಅವನ ಪ್ರಾಣವನ್ನೂ ತೆಗೆದುಕೊಂಡಿತು. ಅವನ ವಿರೋಧಿಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಹಾಳೆಯೊಂದರ ಮೇಲೆ ಗವಾನನ ಮುದ್ರೆ ಒತ್ತಿಸಿ, ಒಡಿಶಾದ ಅರಸನಿಗೆ ಬರೆದ ರಾಜದ್ರೋಹದ ಪತ್ರವೆಂಬಂತೆ ಅದನ್ನು ತುಂಬಿಸಿ, ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಕೈಗಿತ್ತರು. ವಿಚಾರಣೆಯಿಲ್ಲದೆ 1481 ರ ಏಪ್ರಿಲಿನಲ್ಲಿ ಗವಾನನ ಶಿರಚ್ಛೇದವಾಯಿತು. ಸತ್ಯ ತಿಳಿದ ಸುಲ್ತಾನ ಮರುಗಿ, ಮರುವರ್ಷವೇ ತೀರಿಕೊಂಡ.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಆ ಮುದ್ರೆಯ ಹತ್ತಿರ. ಮುದ್ರೆಗೆ ಬೆಲೆ ಇದ್ದದ್ದು ಅದನ್ನು ಒತ್ತುವುದು ಬೇರೆಯವರಿಗೆ ಕಷ್ಟವಾಗಿದ್ದರಿಂದ. ಅರ್ಥಶಾಸ್ತ್ರಜ್ಞ ಮೈಕೇಲ್ ಸ್ಪೆನ್ಸ್ 1973 ರಲ್ಲಿ ಉದ್ಯೋಗ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧದ ತಿರುಳೂ ಇದೇ: ಯೋಗ್ಯನಿಗೆ ಅಗ್ಗವಾಗಿಯೂ ಅಯೋಗ್ಯನಿಗೆ ದುಬಾರಿಯಾಗಿಯೂ ಇರುವ ಗುರುತು ಮಾತ್ರ ಅವರಿಬ್ಬರನ್ನು ಬೇರ್ಪಡಿಸಬಲ್ಲದು. ಎಲ್ಲರಿಗೂ ಅಗ್ಗವಾದ ಗುರುತಿನಿಂದ ಏನೂ ತಿಳಿಯದು. ಜಾರ್ಜ್ ಅಕರ್ಲಾಫ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ 2001 ರ ನೊಬೆಲ್ ಪ್ರಶಸ್ತಿ ಸ್ಪೆನ್ಸ್ ಅವರಿಗೆ ಬಂದದ್ದು, ವ್ಯವಹಾರದಲ್ಲಿ ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿದ್ದರೆ ಏನಾಗುತ್ತದೆ ಎಂಬ ಈ ಬಗೆಯ ಚಿಂತನೆಗೆ. ಕಂಪನಿಯ ಪುಟದಲ್ಲಿ ಹಾಕಿದ ಹುಟ್ಟುಹಬ್ಬದ ಕೇಕಿನ ಚಿತ್ರ, "ನಾವೆಲ್ಲ ಒಂದೇ ಕುಟುಂಬ" ಎಂಬ ಬರಹ, ಬಣ್ಣದ ಲಾಂಛನವಿರುವ ನೇಮಕಾತಿ ಪತ್ರದ ಪಿಡಿಎಫ್, ಇವೆಲ್ಲ ಯಾರು ಬೇಕಾದರೂ ಒತ್ತಬಹುದಾದ ಮುದ್ರೆಗಳು. ಲಾಂಛನ ಅಂಟಿಸಿದ ಪತ್ರ ಕಳಿಸಿ, ನೋಂದಣಿ ಶುಲ್ಕವೆಂದೋ ಲ್ಯಾಪ್‌ಟಾಪಿನ ಠೇವಣಿಯೆಂದೋ ಹಣ ಕೇಳುವವರು ಮಾಡುವುದು ಬೀದರಿನ ಆ ಪಿತೂರಿಗಾರರ ಕೆಲಸವನ್ನೇ. ಆದರೆ ಕಂಪನಿಯೊಂದು ಪ್ರತಿ ತಿಂಗಳು ಒಂದನೆಯ ತಾರೀಖಿಗೆ ತಪ್ಪದೆ ಸಂಬಳ ಹಾಕುತ್ತದೆ ಎಂಬುದು ದುಬಾರಿ ಗುರುತು. ಅದನ್ನು ನಟಿಸಬೇಕಾದರೆ ನಿಜವಾಗಿಯೂ ಸಂಬಳ ಹಾಕಬೇಕಾಗುತ್ತದೆ.

ಉದ್ಯೋಗದಾತರು ಅಭ್ಯರ್ಥಿಗಳ ಸಾಮಾಜಿಕ ಜಾಲತಾಣದ ಪುಟ ನೋಡುವಾಗಲೂ ತೀರ್ಪು ಒಂದು ಕಡೆ ವಾಲಬಹುದು. ಅಮೆರಿಕದಲ್ಲಿ ಅಲೆಸ್ಸಾಂಡ್ರೊ ಅಕ್ವಿಸ್ಟಿ ಮತ್ತು ಕ್ರಿಸ್ಟಿನಾ ಫಾಂಗ್ ಸುಮಾರು 4000 ಉದ್ಯೋಗದಾತರಿಗೆ ಕಾಲ್ಪನಿಕ ಅಭ್ಯರ್ಥಿಗಳ ಅರ್ಜಿ ಕಳಿಸಿದರು. ಅಭ್ಯರ್ಥಿಯ ಧರ್ಮ ಅರ್ಜಿಯಲ್ಲಿ ಇರಲಿಲ್ಲ. ಅವನ ಸಾಮಾಜಿಕ ಜಾಲತಾಣದ ಪುಟ ಹುಡುಕಿದರೆ ಮಾತ್ರ ತಿಳಿಯುತ್ತಿತ್ತು. ರಿಪಬ್ಲಿಕನ್ ಪಕ್ಷದ ಒಲವು ಹೆಚ್ಚಿದ್ದ ಕಡೆಗಳಲ್ಲಿ ಮುಸ್ಲಿಂ ಅಭ್ಯರ್ಥಿಗೆ ಸಂದರ್ಶನದ ಕರೆಗಳು ಕಡಿಮೆ ಬಂದವು. ಕೆಲಸಕ್ಕೆ ಸಂಬಂಧವಿಲ್ಲದ್ದನ್ನು ನೋಡಿದ ಮೇಲೆ ನೋಡಲೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಮನುಷ್ಯರಿಗೆ ಸುಲಭವಲ್ಲ.

ಹಾಗಾದರೆ ಚೀಲದ ನಡುವಿಗೆ ಕೊಳವೆ ಇಳಿಸುವುದು ಹೇಗೆ? ಉತ್ತರದ ಒಂದು ಪಾಲು ಐವತ್ತು ವರ್ಷ ಹಳೆಯದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ವಿಚಾರಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿತೆಂದವರಲ್ಲಿ ಆ ಪರಿಚಯದವರನ್ನು ಪದೇ ಪದೇ ಕಾಣುತ್ತಿದ್ದವರು ಶೇಕಡ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇಕಡ 55.6, ಅಪರೂಪಕ್ಕೆ ಕಾಣುತ್ತಿದ್ದವರು ಶೇಕಡ 27.8. ಸೋದರಮಾವ, ಕಾಕಾ, ಓಣಿಯ ಗೆಳೆಯ ನಮಗಾಗಿ ಪ್ರಾಣ ಕೊಟ್ಟಾರು. ಆದರೆ ನಮಗೆ ಗೊತ್ತಿರುವುದೇ ಅವರಿಗೂ ಗೊತ್ತಿರುತ್ತದೆ, ಏಕೆಂದರೆ ನಾವೆಲ್ಲ ಒಂದೇ ಕಟ್ಟೆಯ ಮೇಲೆ ಕೂತವರು. ಯುವಜನೋತ್ಸವದಲ್ಲಿ ಒಂದೇ ಸಲ ಭೇಟಿಯಾದ ಮತ್ತೊಂದು ಕಾಲೇಜಿನ ಹುಡುಗ ಬೇರೆ ಕಟ್ಟೆಯವನು, ಅಲ್ಲಿಯ ಸುದ್ದಿ ಬಲ್ಲವನು. ಉದ್ಯೋಗದ ಪರಿಚಯಗಳಿಗೆಂದೇ ಇರುವ ಲಿಂಕ್ಡ್‌ಇನ್ ಜಾಲತಾಣದ ಮೇಲೆ ಸುಮಾರು 2 ಕೋಟಿ ಜನರನ್ನು ಐದು ವರ್ಷ ಗಮನಿಸಿದ, 2022 ರಲ್ಲಿ ಪ್ರಕಟವಾದ ಪ್ರಯೋಗ ಈ ವಾದವನ್ನು ಗಟ್ಟಿಗೊಳಿಸಿತು, ಒಂದು ತಿದ್ದುಪಡಿಯೊಂದಿಗೆ: ಹೆಚ್ಚು ನೆರವಾಗುವುದು ತೀರಾ ಅಪರಿಚಿತರೂ ಅಲ್ಲದ, ತೀರಾ ಆಪ್ತರೂ ಅಲ್ಲದ ನಡುಪರಿಚಯದವರು. ಅದರಲ್ಲೂ ಕಂಪ್ಯೂಟರ್ ಬಳಕೆ ಹೆಚ್ಚಿರುವ ಉದ್ಯಮಗಳಲ್ಲಿ ಸಡಿಲ ಪರಿಚಯದ ಲಾಭ ಹೆಚ್ಚು, ಕಡಿಮೆ ಇರುವಲ್ಲಿ ಗಟ್ಟಿ ನಂಟಿನ ಲಾಭ ಹೆಚ್ಚು. ನಮ್ಮಲ್ಲಿ ದಾಲ್ ಮಿಲ್ಲಿನ ಕೆಲಸ ಇಂದಿಗೂ ಮಾವನ ಒಂದು ಮಾತಿಗೆ ಸಿಗುವುದೂ, ಬೆಂಗಳೂರು, ಪುಣೆಯ ಸಾಫ್ಟ್‌ವೇರ್ ಕೆಲಸಕ್ಕೆ ಅದೇ ಮಾವನ ಮಾತು ನಡೆಯದಿರುವುದೂ ಇದರಿಂದ ನನಗೆ ಅರ್ಥವಾಯಿತು.

ವಾಟ್ಸ್‌ಆಪ್ ಗುಂಪುಗಳು ಈ ಕೆಲಸಕ್ಕೆ ಒದಗುವುದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಉದ್ಯೋಗದ ಸುದ್ದಿಯೊಂದು ಕಾಲೇಜಿನ ಗುಂಪಿನಲ್ಲೂ, ಬಂಧುಗಳ ಗುಂಪಿನಲ್ಲೂ, ಓಣಿಯ ಗುಂಪಿನಲ್ಲೂ ಬಂದರೆ ಮೂವರು ಸಾಕ್ಷಿ ಹೇಳಿದಂತೆ ಭಾಸವಾಗುತ್ತದೆ. ಒಂದೇ ಟಾಕಿಯ ನೀರು ಮೂರು ನಳಗಳಲ್ಲಿ ಬಂದರೆ ಅದು ಮೂರು ಬಾವಿಗಳ ನೀರಾಗುವುದಿಲ್ಲ. ಟಾಕಿ ಕೆಟ್ಟಿದ್ದರೆ ಮೂರೂ ಕೊಡಗಳು ಕೆಟ್ಟಿರುತ್ತವೆ. 2018 ರ ಜುಲೈನಲ್ಲಿ ವಾಟ್ಸ್‌ಆಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಸಂದೇಶ ಮುಂದೆ ಕಳಿಸಬಹುದೆಂದು ಮಿತಿ ಹಾಕಿದ್ದರಿಂದ ಹರಿವಿನ ವೇಗ ತಗ್ಗಿತು, ಆದರೆ ನಳ ಹಿಡಿದವನಿಗೆ ಟಾಕಿ ಎಲ್ಲಿದೆ ಎಂಬುದು ಈಗಲೂ ಕಾಣದು.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟೇ: ಆ ಕಂಪನಿಯಲ್ಲಿ ಕೆಲಸ ಮಾಡಿ ಬಿಟ್ಟವರನ್ನು ಹುಡುಕು, ಕಂಪನಿ ಹೇಗಿದೆ ಎಂದು ಮಾತ್ರ ಕೇಳಬೇಡ, ಏಕೆಂದರೆ ಹಾಗೆ ಕೇಳಿದರೆ ಮತ್ತೆ ನಕ್ಷತ್ರವೇ ಸಿಗುತ್ತದೆ. ಸಂಬಳ ಯಾವ ತಾರೀಖಿಗೆ ಬರುತ್ತಿತ್ತು, ನಿನ್ನೊಂದಿಗೆ ಸೇರಿದವರಲ್ಲಿ ವರ್ಷದ ಕೊನೆಗೆ ಎಷ್ಟು ಮಂದಿ ಉಳಿದಿದ್ದರು ಎಂದು ಕೇಳು. ಅವಳು ಲಿಂಕ್ಡ್‌ಇನ್‌ನಲ್ಲಿ ಅಂಥ ಐವರನ್ನು ಹುಡುಕಿ ಬರೆದಳು. ವಾರದೊಳಗೆ ಇಬ್ಬರು ಉತ್ತರಿಸಿದರು. ಒಬ್ಬ ಬರೆದಿದ್ದ: ಸಂಬಳ ಹದಿನೈದರಿಂದ ಇಪ್ಪತ್ತರೊಳಗೆ, ಏಳು ಜನ ಸೇರಿದ್ದೆವು, ಇಬ್ಬರು ಉಳಿದರು. ಇನ್ನೊಬ್ಬಳು ಬರೆದಿದ್ದಳು: ಮೊದಲ ಆರು ತಿಂಗಳು ಒಂದನೆಯ ತಾರೀಖಿಗೇ ಬಂತು, ಆಮೇಲೆ ತಡವಾಗತೊಡಗಿತು, ಆದರೆ ಕೆಲಸ ಕಲಿತದ್ದು ನಿಜ. ಎರಡನ್ನೂ ತಾರೀಖು ಸಹಿತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅವಳು ನನಗೆ ತೋರಿಸಿದಳು. "ಎರಡ ಆದವ್ರಿ ಸರ್, ಇನ್ನ ಮೂರ ಮಂದಿ ಬಾಕಿ ಅರೀ" ಎಂದು, ಅಲ್ಲಿಯೇ ಬೆಂಚಿನ ಮೇಲೆ ಕೂತು, ಉತ್ತರಿಸದಿದ್ದ ಮೂವರಿಗೆ ಮತ್ತೊಮ್ಮೆ ಬರೆಯತೊಡಗಿದಳು.