ಫೋನ್ ಕದ್ದಾಲಿಕೆ: ಸಹಿ ಯಾರದು, ಲೆಕ್ಕ ಕೇಳೋರು ಯಾರು?

"ಸಾರ್, ನಾರ್ಮಲ್ ಕಾಲ್ ಬೇಡ, ವಾಟ್ಸಾಪ್‌ನಲ್ಲಿ ಮಾಡಿ." ರಾಜಕಾರಣದ ಆಸುಪಾಸಿನಲ್ಲಿ ಓಡಾಡುವವರ ಬಾಯಲ್ಲಿ ಈ ಮಾತು ಈಗ ಮಾಮೂಲಿ. ಕರ್ನಾಟಕಕ್ಕೆ ಈ ಭಯ ಹೊಸದೇನಲ್ಲ. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕೆ ವಿವಾದದಲ್ಲೇ.

ಕಾನೂನು ಅದಕ್ಕಿಂತಲೂ ಹಳೆಯದಾಗಿತ್ತು. ಬ್ರಿಟಿಷರು 1885ರಲ್ಲಿ ತಂತಿಗೆಂದು ಮಾಡಿದ ಟೆಲಿಗ್ರಾಫ್ ಕಾಯ್ದೆಯೇ ಲ್ಯಾಂಡ್‌ಲೈನಿಗೂ ಬಂತು, ಮೊಬೈಲಿಗೂ ಬಂತು. ದೇಶದ ಭದ್ರತೆಯಂಥ ಕಾರಣವಿದ್ದು, ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಪ್ರಶ್ನೆ ಎದ್ದರೆ ಸರ್ಕಾರ ಕೇಳಿಸಿಕೊಳ್ಳಬಹುದಿತ್ತು. ಎಷ್ಟು ದಿನ, ಯಾರ ಸಹಿ ಬೇಕು ಎಂಬುದಕ್ಕೆ ನಿಯಮವೇ ಇರಲಿಲ್ಲ.

ರಾಜಕಾರಣಿಗಳ ಫೋನ್ ಕದ್ದಾಲಿಕೆ ಬಗ್ಗೆ ಸಿಬಿಐ ವರದಿ ಬಯಲಾದ ಮೇಲೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಆದೇಶಕ್ಕೆ 2 ತಿಂಗಳು, ಎಷ್ಟೇ ಎಳೆದರೂ ಒಟ್ಟು 6 ತಿಂಗಳು. ಆದರೆ ಮೊದಲೇ ಜಡ್ಜ್ ಒಪ್ಪಿಗೆ ಪಡೆಯಬೇಕು ಎಂಬ ಬೇಡಿಕೆಯನ್ನು ಕೋರ್ಟ್ ಒಪ್ಪಲಿಲ್ಲ. ಗಂಟು ಬಿದ್ದಿದ್ದು ಇಲ್ಲೇ.

2007ರಲ್ಲಿ ಇದೆಲ್ಲ ನಿಯಮವಾಯಿತು. ರಾಜ್ಯದಲ್ಲಿ ಗೃಹ ಕಾರ್ಯದರ್ಶಿ ಸಹಿ ಹಾಕುತ್ತಾರೆ. ಅದು ಸರಿಯೋ ತಪ್ಪೋ ಎಂದು ನೋಡುವ ಕಮಿಟಿಗೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು, ಜೊತೆಗೆ ಇನ್ನಿಬ್ಬರು ಕಾರ್ಯದರ್ಶಿಗಳು. ಅಲ್ಲಿ ಒಬ್ಬ ಜಡ್ಜ್ ಇಲ್ಲ, ಶಾಸಕರೂ ಇಲ್ಲ. ಕದ್ದಾಲಿಕೆಗೆ ಸಿಕ್ಕವನಿಗೆ ಕೆಲಸ ಮುಗಿದ ಮೇಲೂ ತಿಳಿಸಬೇಕಿಲ್ಲ. ಗೊತ್ತೇ ಇಲ್ಲದವನು ದೂರು ಕೊಡೋದು ಹೇಗೆ? ಬಾಂಬ್ ಇಡುವವನ ಫೋನ್ ಕೇಳಬೇಡಿ ಎಂದು ಯಾರೂ ಹೇಳುತ್ತಿಲ್ಲ. ಅಂಥ ತುರ್ತಿಗೆ ಹಿರಿಯ ಪೊಲೀಸ್ ಅಧಿಕಾರಿಯೇ ಮೊದಲು ಶುರು ಮಾಡಿ ಆಮೇಲೆ ಸಹಿ ಪಡೆಯುವ ದಾರಿಯನ್ನೂ ಅದೇ ನಿಯಮ ಕೊಟ್ಟಿತ್ತು.

2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 9 ಜಡ್ಜ್‌ಗಳು ಒಮ್ಮತದಿಂದ ಹೇಳಿದರು. ಆಧಾರ್ ವಿರುದ್ಧ ಆ ಕೇಸ್ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕಿಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ತಕ್ಕ ಕಾರಣ ಇರಬೇಕು, ಅಗತ್ಯಕ್ಕಿಂತ ಜಾಸ್ತಿ ಹೋಗಬಾರದು ಎಂದಾಯಿತು. 2021ರಲ್ಲಿ ಫೋನಿಗೆ ನುಸುಳಿ ಗೂಢಚಾರಿಕೆ ಮಾಡುವ ಪೆಗಾಸಸ್ ತಂತ್ರಾಂಶದ ಕೇಸ್ ಬಂದಾಗ, ದೇಶದ ಭದ್ರತೆ ಎಂದು ಸುಮ್ನೆ ಹೇಳಿಬಿಟ್ಟರೆ ಸಾಲದು ಎಂದೂ ಕೋರ್ಟ್ ಹೇಳಿತು.

1885ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಟೆಲಿಕಾಂ ಕಾಯ್ದೆ ಬಂತು. 2024ರ ಡಿಸೆಂಬರ್‌ನಲ್ಲಿ ಕದ್ದಾಲಿಕೆಗೂ ಹೊಸ ನಿಯಮ ಬಂದವು. ಕಮಿಟಿಯಲ್ಲಿ ಮಾತ್ರ ಈಗಲೂ ಕಾರ್ಯದರ್ಶಿಗಳೇ.